ಗಂಟೆಯ ಬಾಡಿಗೆ, ತೆರಿಗೆ ಮತ್ತು ಗಣಕಯಂತ್ರ: ಆರಂಭಿಕರಿಗೊಂದು ಲೆಕ್ಕದ ಪಾಠ

ಚಿತ್ರದುರ್ಗ ಜಿಲ್ಲೆಯ ವ್ಯಾಪಾರ ವಹಿವಾಟಿನಲ್ಲಿ ತೂಕಕ್ಕೆ ಮಾರುವ ಸರಕಿನಷ್ಟೇ ಗಂಟೆಯ ಲೆಕ್ಕದಲ್ಲಿ ಮಾರುವ ಸೇವೆಗಳಿಗೂ ಈಗ ಮಹತ್ವ ಬಂದಿದೆ. ಹೊಳಲ್ಕೆರೆ ಮತ್ತು ಹೊಸದುರ್ಗದ ಅಡಿಕೆ, ತೆಂಗಿನ ತೋಟಗಳಲ್ಲಿ ಗುಂಡಿ ತೆಗೆಯುವ ಜೆಸಿಬಿ, ಹಿರಿಯೂರಿನ ವಾಣಿ ವಿಲಾಸ ಸಾಗರದ ಅಚ್ಚುಕಟ್ಟಿನಲ್ಲಿ ಹೊಲ ಹದಮಾಡುವ ರೋಟವೇಟರ್, ಚಿತ್ರದುರ್ಗದ ಹೊಸ ಬಡಾವಣೆಗಳಲ್ಲಿ ನಿವೇಶನ ಸಮತಟ್ಟು ಮಾಡುವ ಯಂತ್ರ, ಹೆದ್ದಾರಿಯಲ್ಲಿ ಕೆಟ್ಟು ನಿಂತ ಲಾರಿಯನ್ನು ಎತ್ತುವ ಕ್ರೇನ್ ಇವೆಲ್ಲಕ್ಕೂ ಬಾಡಿಗೆ ಗಂಟೆಯ ಲೆಕ್ಕದಲ್ಲೇ ನಡೆಯುತ್ತದೆ. ಯಂತ್ರವನ್ನು ಲಕ್ಷಾಂತರ ರೂಪಾಯಿ ಸಾಲ ಮಾಡಿ ಕೊಳ್ಳುವ ಮಾಲೀಕರು ಇಂಧನದ ಹನಿ ಹನಿಯ ಲೆಕ್ಕ ಇಡುತ್ತಾರಾದರೂ, ಗಂಟೆ ನಿಮಿಷಗಳನ್ನು ರೂಪಾಯಿಗೆ ಪರಿವರ್ತಿಸುವಲ್ಲಿ ಆಗುವ ಸೋರಿಕೆಯನ್ನು ಅನೇಕರು ಗಮನಿಸುವುದಿಲ್ಲ. ಈ ಲೆಕ್ಕವನ್ನು ಗಣಕಯಂತ್ರಕ್ಕೆ ಒಪ್ಪಿಸುವ ವಿಧಾನವನ್ನು ಮೊದಲ ಬಾರಿಗೆ ಕಲಿಯುವವರಿಗೆ ತಿಳಿಯುವಂತೆ ವಿವರಿಸುವುದು ಈ ಲೇಖನದ ಉದ್ದೇಶ.

ಒಂದು ಚುಕ್ಕೆ ಮಾಡುವ ಹಾನಿ

ಉದಾಹರಣೆಗಾಗಿ, ಹೊಸದುರ್ಗದ ಒಬ್ಬ ಮಾಲೀಕರ ಯಂತ್ರವು ಬೆಳಿಗ್ಗೆ 9 ಗಂಟೆ 20 ನಿಮಿಷಕ್ಕೆ ಕೆಲಸ ಆರಂಭಿಸಿ ಮಧ್ಯಾಹ್ನ 12 ಗಂಟೆ 50 ನಿಮಿಷಕ್ಕೆ ಮುಗಿಸಿತೆಂದು ಭಾವಿಸೋಣ. ಬಾಡಿಗೆ ಗಂಟೆಗೆ 1,200 ರೂಪಾಯಿ ಎಂದಿಟ್ಟುಕೊಳ್ಳೋಣ. ಕೆಲಸದ ಅವಧಿ 3 ಗಂಟೆ 30 ನಿಮಿಷ. ಚಾಲಕನು ಅದನ್ನು ಚೀಟಿಯಲ್ಲಿ 3.30 ಎಂದು ಬರೆಯುತ್ತಾನೆ. ಗುಮಾಸ್ತನು ಕ್ಯಾಲ್ಕುಲೇಟರಿನಲ್ಲಿ 3.30ನ್ನು 1,200ರಿಂದ ಗುಣಿಸಿ 3,960 ರೂಪಾಯಿ ಎಂದು ಬಿಲ್ಲು ಮಾಡುತ್ತಾನೆ. ವಾಸ್ತವವಾಗಿ ಮೂರೂವರೆ ಗಂಟೆಗೆ ಬರಬೇಕಾದದ್ದು 4,200 ರೂಪಾಯಿ. ಒಂದೇ ಬಿಲ್ಲಿನಲ್ಲಿ 240 ರೂಪಾಯಿ ನಷ್ಟ.

ಈ ತಪ್ಪಿಗೆ ಒಂದು ನಿಯಮವೇ ಇದೆ. ಗಂಟೆಗೆ 1,200 ರೂಪಾಯಿಯಾದರೆ ನಿಮಿಷಕ್ಕೆ 20 ರೂಪಾಯಿ. ನಿಮಿಷಗಳನ್ನು ದಶಾಂಶದಂತೆ ಬರೆದಾಗ ಗಂಟೆಯನ್ನು 60 ಭಾಗದ ಬದಲು 100 ಭಾಗ ಮಾಡಿದಂತಾಗಿ, ಪ್ರತಿ ನಿಮಿಷಕ್ಕೆ 12 ರೂಪಾಯಿ ಮಾತ್ರ ದೊರೆಯುತ್ತದೆ. ಪೂರ್ಣ ಗಂಟೆಯ ಮೇಲಿನ ಪ್ರತಿಯೊಂದು ನಿಮಿಷಕ್ಕೂ 8 ರೂಪಾಯಿ ಕಳೆದುಹೋಗುತ್ತದೆ. 30 ನಿಮಿಷಕ್ಕೆ 240, 50 ನಿಮಿಷಕ್ಕೆ 400. ದಿನಕ್ಕೆ ಇಂತಹ ಎರಡು ಬಿಲ್ಲುಗಳಲ್ಲಿ ಸರಾಸರಿ 30 ನಿಮಿಷದಂತೆ ತಿಂಗಳಿಗೆ 25 ದಿನ ಕೆಲಸ ನಡೆದರೆ ನಷ್ಟ 12,000 ರೂಪಾಯಿ. ಅನೇಕ ಮಾಲೀಕರು ಸಾಲದ ಕಂತಿನ ಕೊರತೆಗೆ ಇಂಧನದ ಬೆಲೆಯನ್ನು ದೂರುತ್ತಾರೆ. ಕೊರತೆಯ ಒಂದು ಪಾಲು ಈ ಚುಕ್ಕೆಯಲ್ಲಿ ಅಡಗಿರಬಹುದು.

ಇದರ ವಿರುದ್ಧವಾದ ತಪ್ಪೂ ಉಂಟು. ಯಂತ್ರದಲ್ಲಿರುವ ಅವರ್ ಮೀಟರಿನ ಕೊನೆಯ ಅಂಕಿಯು ಸಾಮಾನ್ಯವಾಗಿ ಗಂಟೆಯ ಹತ್ತನೆಯ ಒಂದು ಭಾಗವನ್ನು, ಅಂದರೆ 6 ನಿಮಿಷವನ್ನು ಸೂಚಿಸುತ್ತದೆ. ಅಲ್ಲಿ 3.5 ಎಂದು ಹೆಚ್ಚಳ ಕಂಡರೆ ಅದು ಮೂರೂವರೆ ಗಂಟೆ. ಅದನ್ನು 3 ಗಂಟೆ 50 ನಿಮಿಷ ಎಂದು ಓದಿದರೆ ಗ್ರಾಹಕನಾದ ರೈತನಿಂದ 400 ರೂಪಾಯಿ ಹೆಚ್ಚು ವಸೂಲಾಗುತ್ತದೆ. ಮೊದಲನೆಯ ತಪ್ಪು ಹಣವನ್ನು ಕಳೆಯುತ್ತದೆ, ಎರಡನೆಯದು ಹೆಸರನ್ನು ಕಳೆಯುತ್ತದೆ.

ಹಳೆಯ ಲೆಕ್ಕಿಗರ ಎಚ್ಚರ

ಹಿಂದಿನ ಕಾಲದ ಶಾನುಭೋಗರಾಗಲಿ ಮಂಡಿ ಗುಮಾಸ್ತರಾಗಲಿ ಈ ತಪ್ಪನ್ನು ಸುಲಭವಾಗಿ ಮಾಡುತ್ತಿರಲಿಲ್ಲ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಪದ್ಧತಿ ಜಾರಿಗೆ ಬರುವವರೆಗೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಇದ್ದವು. 3 ರೂಪಾಯಿ 8 ಆಣೆ ಎಂದರೆ ಮೂರೂವರೆ ರೂಪಾಯಿ ಎಂಬುದು ಅವರಿಗೆ ಬಾಯಿಪಾಠ, ಅದನ್ನು 3.8 ಎಂದು ಬರೆಯುವ ಯೋಚನೆ ಯಾರಿಗೂ ಬರುತ್ತಿರಲಿಲ್ಲ. ಪಂಚಾಂಗದಲ್ಲಿಯೂ ದಿನಕ್ಕೆ 60 ಘಳಿಗೆ, ಘಳಿಗೆಗೆ 24 ನಿಮಿಷ. ಕಾಲಕ್ರಮದಲ್ಲಿ ಹಣವೂ ತೂಕವೂ ಅಳತೆಯೂ ಹತ್ತು ನೂರರ ಲೆಕ್ಕಕ್ಕೆ ಬಂದವು. ಕಾಲದ ಲೆಕ್ಕ ಮಾತ್ರ ಅರವತ್ತರಲ್ಲೇ ಉಳಿಯಿತು. ನೂರರ ಅಭ್ಯಾಸವಿರುವ ಕೈ ಅರವತ್ತರ ಲೆಕ್ಕವನ್ನು ಮುಟ್ಟಿದಾಗಲೇ ಈ ದೋಷ ಹುಟ್ಟುತ್ತದೆ.

ಗಣಕಯಂತ್ರಕ್ಕೆ ಈ ವಿವೇಚನೆ ತಾನಾಗಿ ಇರುವುದಿಲ್ಲ. 3.30 ಎಂದು ಕೊಟ್ಟರೆ ಅದು ಮೂರು ಪೂರ್ಣಾಂಕ ಮೂರು ದಶಾಂಶ ಎಂದೇ ತಿಳಿದು ತಪ್ಪು ಉತ್ತರವನ್ನು ಅತ್ಯಂತ ಅಚ್ಚುಕಟ್ಟಾಗಿ ಮುದ್ರಿಸಿ ಕೊಡುತ್ತದೆ. ಆದುದರಿಂದ ಪ್ರೋಗ್ರಾಮ್ ಬರೆಯುವವರು ಮೊದಲು ಮಾಡಬೇಕಾದ ಕೆಲಸ ಎಲ್ಲ ಕಾಲವನ್ನೂ ಒಂದೇ ಮೂಲಮಾನಕ್ಕೆ ತರುವುದು. ಬಾಡಿಗೆಯ ಲೆಕ್ಕಕ್ಕೆ ನಿಮಿಷವೇ ಸೂಕ್ತವಾದ ಮೂಲಮಾನ.

ಪ್ರೋಗ್ರಾಮಿನ ರಚನೆ

ಪ್ರೋಗ್ರಾಮ್ ಎಂದರೆ ಗಣಕಯಂತ್ರಕ್ಕೆ ಕ್ರಮವಾಗಿ ಕೊಡುವ ಸೂಚನೆಗಳ ಪಟ್ಟಿ. ಅದರಲ್ಲಿ ಮಾಹಿತಿ ಪಡೆಯುವುದು, ಲೆಕ್ಕ ಮಾಡುವುದು, ಫಲಿತಾಂಶ ತೋರಿಸುವುದು ಎಂಬ ಮೂರು ಭಾಗಗಳಿರುತ್ತವೆ. ಮೌಲ್ಯಗಳನ್ನು ಇರಿಸಲು ಬಳಸುವ ಹೆಸರುಗಳನ್ನು ಚರಗಳೆಂದು ಕರೆಯುತ್ತಾರೆ. ಲೆಕ್ಕಪತ್ರ ಬಲ್ಲವರು ಚರವನ್ನು ಖಾತೆಯ ತಲೆಬರಹಕ್ಕೆ ಹೋಲಿಸಿಕೊಳ್ಳಬಹುದು. ‘ಬಾಡಿಗೆ’ ಎಂಬ ಖಾತೆಯ ಹೆಸರು ಸ್ಥಿರ, ಅದರಲ್ಲಿರುವ ಮೊತ್ತ ಮಾತ್ರ ಬದಲಾಗುತ್ತದೆ. ಇಲ್ಲಿ ಸಮಚಿಹ್ನೆಗೆ ಬೀಜಗಣಿತದ ಅರ್ಥವಿಲ್ಲ. ಬಲಗಡೆಯ ಲೆಕ್ಕದ ಫಲವನ್ನು ಎಡಗಡೆಯ ಖಾತೆಗೆ ಜಮಾ ಮಾಡು ಎಂಬುದೇ ಅದರ ಅರ್ಥ.

ಯಾವುದೇ ಭಾಷೆಯಲ್ಲಿ ಬರೆಯಲು ಹೊಂದುವಂತೆ ಸೂಚನೆಗಳ ಕ್ರಮ ಹೀಗಿರಬೇಕು:

1. ಆರಂಭದ ಗಂಟೆ ಮತ್ತು ನಿಮಿಷ, ಮುಕ್ತಾಯದ ಗಂಟೆ ಮತ್ತು ನಿಮಿಷ, ವಿರಾಮದ ನಿಮಿಷ, ಗಂಟೆಯ ದರ ಇವುಗಳನ್ನು ಪ್ರತ್ಯೇಕವಾಗಿ ಪಡೆ. ಗಂಟೆಗಳನ್ನು 24 ಗಂಟೆಗಳ ಕ್ರಮದಲ್ಲಿ ಪಡೆ.
2. ಆರಂಭ = ಆರಂಭದ ಗಂಟೆ × 60 + ಆರಂಭದ ನಿಮಿಷ.
3. ಮುಕ್ತಾಯ = ಮುಕ್ತಾಯದ ಗಂಟೆ × 60 + ಮುಕ್ತಾಯದ ನಿಮಿಷ.
4. ಮುಕ್ತಾಯವು ಆರಂಭಕ್ಕಿಂತ ಕಡಿಮೆಯಿದ್ದರೆ, ಮುಕ್ತಾಯ = ಮುಕ್ತಾಯ + 1440.
5. ಕೆಲಸದ ನಿಮಿಷ = ಮುಕ್ತಾಯ − ಆರಂಭ − ವಿರಾಮ.
6. ಕೆಲಸದ ನಿಮಿಷವು ಕನಿಷ್ಠ ನಿಮಿಷಕ್ಕಿಂತ ಕಡಿಮೆಯಿದ್ದರೆ, ಕೆಲಸದ ನಿಮಿಷ = ಕನಿಷ್ಠ ನಿಮಿಷ.
7. ಬಾಡಿಗೆ = ಕೆಲಸದ ನಿಮಿಷ × ದರ ÷ 60. ಪೈಸೆಗೆ ಸರಿಹೊಂದಿಸು.
8. ತೆರಿಗೆ ಅನ್ವಯವಾಗುವುದಾದರೆ ತೆರಿಗೆಯನ್ನು ಲೆಕ್ಕ ಮಾಡು; ಇಲ್ಲವಾದರೆ ತೆರಿಗೆ = 0.
9. ಒಟ್ಟು = ಬಾಡಿಗೆ + ತೆರಿಗೆ. ಎಲ್ಲವನ್ನೂ ಮುದ್ರಿಸು.

ಮೇಲಿನ ಉದಾಹರಣೆಯಲ್ಲಿ ಆರಂಭ 560, ಮುಕ್ತಾಯ 770, ಕೆಲಸ 210 ನಿಮಿಷ. 210ನ್ನು 1,200ರಿಂದ ಗುಣಿಸಿ 60ರಿಂದ ಭಾಗಿಸಿದರೆ 4,200 ರೂಪಾಯಿ.

ನಾಲ್ಕನೆಯ ಸೂಚನೆ ಏಕೆ ಬೇಕೆಂಬುದನ್ನು ಕೊಳವೆಬಾವಿ ಕೊರೆಯುವ ಊರುಗಳಲ್ಲಿ ವಿವರಿಸಬೇಕಾಗಿಲ್ಲ. ರಾತ್ರಿ 10 ಗಂಟೆ 40 ನಿಮಿಷಕ್ಕೆ ಆರಂಭವಾದ ಕೆಲಸ ಮರುದಿನ 2 ಗಂಟೆ 10 ನಿಮಿಷಕ್ಕೆ ಮುಗಿದರೆ ಆರಂಭ 1360, ಮುಕ್ತಾಯ 130. ನೇರವಾಗಿ ಕಳೆದರೆ ಋಣ ಸಂಖ್ಯೆ ಬರುತ್ತದೆ. ದಿನದ 1440 ನಿಮಿಷಗಳನ್ನು ಕೂಡಿಸಿದಾಗ ಮುಕ್ತಾಯ 1570 ಆಗಿ ಸರಿಯಾದ ಅವಧಿ 210 ನಿಮಿಷ ದೊರೆಯುತ್ತದೆ.

ಕೆಲವರು ಕಾಲು ಗಂಟೆಯ ಘಟಕದಲ್ಲಿ ಬಾಡಿಗೆ ವಿಧಿಸುವುದುಂಟು. ಅಂತಹವರು ಕೆಲಸದ ನಿಮಿಷಕ್ಕೆ 14 ಕೂಡಿಸಿ, 15ರಿಂದ ಭಾಗಿಸಿ, ಬಂದುದರ ಪೂರ್ಣಾಂಕವನ್ನು ಮಾತ್ರ ಉಳಿಸಿಕೊಂಡು ಮತ್ತೆ 15ರಿಂದ ಗುಣಿಸಬೇಕು. 214 ನಿಮಿಷವಾದರೆ 228ನ್ನು 15ರಿಂದ ಭಾಗಿಸಿ ಪೂರ್ಣಾಂಕ 15, ಅಂದರೆ 225 ನಿಮಿಷ. ಸರಿಯಾಗಿ 210 ನಿಮಿಷವಾದರೆ 210 ಆಗಿಯೇ ಉಳಿಯುತ್ತದೆ. ಈ ಪದ್ಧತಿಯನ್ನು ಕೆಲಸಕ್ಕೆ ಮೊದಲೇ ಗ್ರಾಹಕರಿಗೆ ತಿಳಿಸಿರಬೇಕು. ಬಿಲ್ಲು ನೋಡಿದ ಮೇಲೆ ತಿಳಿಯುವ ನಿಯಮವು ಜಗಳಕ್ಕೆ ದಾರಿ.

ತೆರಿಗೆಯ ಮೂರು ಪ್ರಶ್ನೆಗಳು

ಎಂಟನೆಯ ಸೂಚನೆ ನೋಡಲು ಚಿಕ್ಕದಾದರೂ ಅದರೊಳಗೆ ಮೂರು ಪ್ರಶ್ನೆಗಳಿವೆ. ಪ್ರೋಗ್ರಾಮ್ ಅವುಗಳನ್ನು ಇದೇ ಕ್ರಮದಲ್ಲಿ ಕೇಳಬೇಕು.

ಮೊದಲನೆಯದು, ಮಾಲೀಕರು ಸರಕು ಮತ್ತು ಸೇವಾ ತೆರಿಗೆಯಡಿ ನೋಂದಾಯಿತರೇ ಎಂಬುದು. ಕರ್ನಾಟಕದಲ್ಲಿ ಸೇವೆ ಒದಗಿಸುವವರಿಗೆ ನೋಂದಣಿಯ ಸಾಮಾನ್ಯ ಮಿತಿ ವಾರ್ಷಿಕ 20 ಲಕ್ಷ ರೂಪಾಯಿ ವಹಿವಾಟು. ನೋಂದಣಿ ಇಲ್ಲದವರು ಬಿಲ್ಲಿನಲ್ಲಿ ತೆರಿಗೆ ಎಂದು ನಮೂದಿಸಿ ವಸೂಲು ಮಾಡುವುದನ್ನು ಕೇಂದ್ರ ಅಧಿನಿಯಮದ 32ನೆಯ ಪ್ರಕರಣವು ನಿಷೇಧಿಸುತ್ತದೆ.

ಎರಡನೆಯದು, ಸೇವೆಗೆ ವಿನಾಯಿತಿ ಇದೆಯೇ ಎಂಬುದು. ಬೆಳೆ ಬೆಳೆಯುವುದಕ್ಕೆ ಸಂಬಂಧಿಸಿದಂತೆ ಕೃಷಿ ಯಂತ್ರೋಪಕರಣಗಳನ್ನು ಬಾಡಿಗೆಗೆ ಕೊಡುವುದಕ್ಕೂ ನೇರ ಕೃಷಿ ಕೆಲಸಗಳಿಗೂ 2017ರ 12ನೆಯ ಸಂಖ್ಯೆಯ ಅಧಿಸೂಚನೆಯಲ್ಲಿ ವಿನಾಯಿತಿ ನೀಡಲಾಗಿದೆ. ಅದೇ ಟ್ರ್ಯಾಕ್ಟರು ಬೆಳಿಗ್ಗೆ ರಾಗಿ ಹೊಲವನ್ನು ಉತ್ತರೆ ತೆರಿಗೆ ಸೊನ್ನೆ. ಮಧ್ಯಾಹ್ನ ಮನೆಯ ನಿವೇಶನಕ್ಕೆ ಮಣ್ಣು ತುಂಬಿದರೆ, ಮಾಲೀಕರು ನೋಂದಾಯಿತರಾಗಿದ್ದಲ್ಲಿ, ತೆರಿಗೆ ಉಂಟು. ಆದುದರಿಂದ ವಿನಾಯಿತಿಯನ್ನು ಯಂತ್ರದ ಹೆಸರಿಗೆ ಅಂಟಿಸಬಾರದು. ಪ್ರತಿ ಬಿಲ್ಲಿಗೂ ಕೆಲಸದ ಉದ್ದೇಶವನ್ನು ಪ್ರತ್ಯೇಕವಾಗಿ ದಾಖಲಿಸಬೇಕು. ಜೆಸಿಬಿಯಂತಹ ಸಾಮಾನ್ಯ ಯಂತ್ರವು ತೋಟದಲ್ಲಿ ಕೆಲಸ ಮಾಡಿದಾಗ ಯಂತ್ರದ ಸ್ವರೂಪ ಮತ್ತು ಕೆಲಸದ ಉದ್ದೇಶ ಎರಡನ್ನೂ ಪರಿಶೀಲಿಸಿ ಸಲಹೆ ಪಡೆದೇ ನಿರ್ಧರಿಸುವುದು ಕ್ಷೇಮ.

ಮೂರನೆಯದು, ಸೇವೆ ರಾಜ್ಯದೊಳಗಿನದೇ ಅಂತರರಾಜ್ಯದ್ದೇ ಎಂಬುದು. ರಾಜ್ಯದೊಳಗಿನದಾದರೆ ಶೇಕಡಾ 18ರ ತೆರಿಗೆಯು ಕೇಂದ್ರಕ್ಕೆ 9, ರಾಜ್ಯಕ್ಕೆ 9 ಎಂದು ಹಂಚಿಹೋಗುತ್ತದೆ. ಹಿರಿಯೂರಿನ ಯಂತ್ರವು ಗಡಿಯಾಚೆ ಆಂಧ್ರಪ್ರದೇಶದ ಜಮೀನಿನಲ್ಲಿ ನಿವೇಶನ ಸಮತಟ್ಟು ಮಾಡಿದರೆ, ಸ್ಥಿರಾಸ್ತಿ ಇರುವ ಸ್ಥಳವೇ ಸೇವೆಯ ಸ್ಥಳವಾಗುವುದರಿಂದ ಪೂರ್ತಿ ಶೇಕಡಾ 18 ಸಮಗ್ರ ತೆರಿಗೆಯಾಗುತ್ತದೆ. ಮೊತ್ತ ಒಂದೇ, ಜಮೆಯಾಗುವ ಶೀರ್ಷಿಕೆ ಬೇರೆ.

ಹೊಸದುರ್ಗದ ಬಿಲ್ಲಿಗೆ ಮರಳಿದರೆ, ತೆರಿಗೆ ಅನ್ವಯವಾಗುವ ಕೆಲಸವಾಗಿದ್ದಲ್ಲಿ ಬಾಡಿಗೆ 4,200, ಕೇಂದ್ರ ತೆರಿಗೆ 378, ರಾಜ್ಯ ತೆರಿಗೆ 378, ಒಟ್ಟು 4,956 ರೂಪಾಯಿ. ಚುಕ್ಕೆಯ ತಪ್ಪಿನ ಬಿಲ್ಲಿನಲ್ಲಿ ಒಟ್ಟು 4,672 ರೂಪಾಯಿ 80 ಪೈಸೆ. ವ್ಯತ್ಯಾಸವಾದ 283 ರೂಪಾಯಿ 20 ಪೈಸೆಯಲ್ಲಿ 240 ರೂಪಾಯಿ ಮಾಲೀಕರದು, ಉಳಿದ 43 ರೂಪಾಯಿ 20 ಪೈಸೆ ಸರ್ಕಾರದ್ದು.

ಒಳಗೊಂಡ ತೆರಿಗೆ

ಬಾಯಿಮಾತಿನಲ್ಲಿ ‘ಎಲ್ಲ ಸೇರಿ 1,200’ ಎಂದು ಒಪ್ಪಂದವಾಗುವುದು ಸಾಮಾನ್ಯ. ಆಗ 1,200ರ ಶೇಕಡಾ 18 ಎಂದು 216 ರೂಪಾಯಿ ತೆಗೆದಿರಿಸುವುದು ತಪ್ಪು. ನಿಯಮಾವಳಿಯ 35ನೆಯ ನಿಯಮದ ಪ್ರಕಾರ ಒಟ್ಟು ಮೊತ್ತವನ್ನು 18ರಿಂದ ಗುಣಿಸಿ 118ರಿಂದ ಭಾಗಿಸಬೇಕು. ತೆರಿಗೆ 183 ರೂಪಾಯಿ 5 ಪೈಸೆ, ಬಾಡಿಗೆಯ ಮೌಲ್ಯ 1,016 ರೂಪಾಯಿ 95 ಪೈಸೆ.

ತೆರಿಗೆಯ ಮಾತೆತ್ತದೆ 4,200 ರೂಪಾಯಿ ಪಡೆದು ಸುಮ್ಮನಾದ ನೋಂದಾಯಿತ ಮಾಲೀಕರು, ಆ ಹಣದಲ್ಲೇ ತೆರಿಗೆ ಸೇರಿದೆ ಎಂದಾದಾಗ 640 ರೂಪಾಯಿ 68 ಪೈಸೆಯನ್ನು ಸರ್ಕಾರಕ್ಕೆ ಕಟ್ಟಿ 3,559 ರೂಪಾಯಿ 32 ಪೈಸೆಯನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಗ್ರಾಹಕರಿಂದ ತೆರಿಗೆ ವಸೂಲು ಮಾಡಲಿಲ್ಲ ಎಂಬುದು ತೆರಿಗೆ ಕಟ್ಟದಿರಲು ಕಾರಣವಾಗದು. ಆದಕಾರಣ ಪ್ರೋಗ್ರಾಮಿನಲ್ಲಿ ‘ದರದಲ್ಲಿ ತೆರಿಗೆ ಸೇರಿದೆಯೇ?’ ಎಂಬ ಪ್ರಶ್ನೆಯೂ ಇರಬೇಕು.

ದರವನ್ನು ಸೂತ್ರದೊಳಗೆ ಹೂಳಬಾರದು

ಆರಂಭಿಕರು ಮಾಡುವ ಇನ್ನೊಂದು ತಪ್ಪು ತೆರಿಗೆಯ ದರವನ್ನು ಸೂತ್ರದೊಳಗೆ ಅಂಕಿಯಾಗಿಯೇ ಬರೆದುಬಿಡುವುದು. ದರವು ಸ್ಥಿರವಲ್ಲವೆಂಬುದಕ್ಕೆ ಸೇವಾ ತೆರಿಗೆಯ ಚರಿತ್ರೆಯೇ ಸಾಕ್ಷಿ. 1994ರ ಜುಲೈ 1ರಂದು ಶೇಕಡಾ 5ರಿಂದ ಆರಂಭವಾದ ಈ ತೆರಿಗೆ 2003ರಲ್ಲಿ 8ಕ್ಕೆ, 2004ರಲ್ಲಿ ಶಿಕ್ಷಣ ಉಪಕರ ಸೇರಿ 10.2ಕ್ಕೆ, 2006ರಲ್ಲಿ 12.24ಕ್ಕೆ, 2007ರಲ್ಲಿ 12.36ಕ್ಕೆ ಏರಿತು. 2009ರಲ್ಲಿ 10.3ಕ್ಕೆ ಇಳಿದು 2012ರಲ್ಲಿ ಮತ್ತೆ 12.36 ಆಯಿತು. 2015ರ ಜೂನ್‌ನಲ್ಲಿ 14, ನವೆಂಬರ್‌ನಲ್ಲಿ 14.5, 2016ರ ಜೂನ್‌ನಲ್ಲಿ 15 ಆಗಿ, 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆಯಲ್ಲಿ ವಿಲೀನವಾಯಿತು. 2025ರ ಸೆಪ್ಟೆಂಬರ್ 22ರಂದು ಈ ಹೊಸ ತೆರಿಗೆಯ ಸ್ತರಗಳೂ ಪರಿಷ್ಕೃತಗೊಂಡವು.

ಹಾಗೆಂದು ದರವನ್ನು ಒಂದೇ ಕೋಶದಲ್ಲಿಟ್ಟು ಎಲ್ಲ ಬಿಲ್ಲುಗಳನ್ನೂ ಅದಕ್ಕೆ ಜೋಡಿಸಿದರೂ ಅಪಾಯ ತಪ್ಪದು. ಆ ಕೋಶದ ಅಂಕಿ ಬದಲಾದ ಕ್ಷಣ ಹಿಂದಿನ ತಿಂಗಳುಗಳ ಬಿಲ್ಲುಗಳ ತೆರಿಗೆಯೂ ಬದಲಾಗಿ, ಸಲ್ಲಿಸಿದ ರಿಟರ್ನಿಗೂ ಪುಸ್ತಕಕ್ಕೂ ತಾಳೆಯಾಗುವುದಿಲ್ಲ. ಜಾರಿಯಾದ ದಿನಾಂಕ ಮತ್ತು ದರ ಎಂಬ ಎರಡು ಅಂಕಣಗಳ ಪಟ್ಟಿಯನ್ನಿಟ್ಟು, ಪ್ರತಿ ಬಿಲ್ಲಿಗೆ ಅನ್ವಯಿಸುವ ದರವನ್ನು ಆ ಬಿಲ್ಲಿನ ಸಾಲಿನಲ್ಲೇ ನಮೂದಿಸುವುದು ಸರಿಯಾದ ಮಾರ್ಗ. ದರ ಬದಲಾವಣೆಯ ಆಸುಪಾಸಿನಲ್ಲಿ ಸೇವೆ, ಬಿಲ್ಲು ಮತ್ತು ಹಣ ಪಾವತಿ ಈ ಮೂರರ ದಿನಾಂಕಗಳನ್ನೂ 14ನೆಯ ಪ್ರಕರಣದಂತೆ ಪರಿಶೀಲಿಸಬೇಕಾಗುತ್ತದೆ.

ಪೈಸೆಯ ಪಾಠ

ಗಂಟೆಗೆ 1,150 ರೂಪಾಯಿಯಂತೆ 215 ನಿಮಿಷಕ್ಕೆ ಬಾಡಿಗೆ 4,120 ರೂಪಾಯಿ 83 ಪೈಸೆ. ಇದರ ಶೇಕಡಾ 18 ಎಂದರೆ 741.75. ಆದರೆ ಶೇಕಡಾ 9ನ್ನು ಪ್ರತ್ಯೇಕವಾಗಿ ಕಂಡುಹಿಡಿದು ಪೈಸೆಗೆ ಸರಿಹೊಂದಿಸಿದರೆ 370.87; ಎರಡು ಬಾರಿ ಕೂಡಿದರೆ 741.74. ಒಂದು ಪೈಸೆಯ ಈ ಅಂತರದಿಂದ ತಾಳೆಪಟ್ಟಿ ಹೊಂದದೆ ಸಂಜೆ ಕಳೆದವರಿದ್ದಾರೆ. ಎರಡು ಭಾಗಗಳನ್ನು ಮೊದಲು ಲೆಕ್ಕ ಮಾಡಿ, ಸರಿಹೊಂದಿಸಿ, ಅವುಗಳ ಮೊತ್ತವನ್ನೇ ಒಟ್ಟು ತೆರಿಗೆಯೆಂದು ತೆಗೆದುಕೊಳ್ಳಬೇಕು. ಆಗ ಬಿಲ್ಲು 4,862.57, ಪೂರ್ಣ ರೂಪಾಯಿಗೆ 4,863, ಸರಿಹೊಂದಿಕೆ 43 ಪೈಸೆ ಎಂದು ಪ್ರತ್ಯೇಕ ಸಾಲಿನಲ್ಲಿ ತೋರಿಸಬಹುದು.

ಗಣಕಯಂತ್ರವು ಒಳಗೆ ದ್ವಿಮಾನ ಪದ್ಧತಿಯಲ್ಲಿ ಎಣಿಸುವುದರಿಂದ 0.1ರಂತಹ ಸರಳ ದಶಾಂಶವನ್ನೂ ಸಾಮಾನ್ಯ ವಿಧಾನದಲ್ಲಿ ನಿಖರವಾಗಿ ಹಿಡಿದಿಡಲಾರದು. ಪ್ರೋಗ್ರಾಮ್ ಬರೆಯುವವರು ಹಣವನ್ನು ಪೂರ್ಣ ಪೈಸೆಗಳಲ್ಲಿ ಅಥವಾ ಭಾಷೆಯು ಒದಗಿಸುವ ದಶಮಾಂಶ ಮಾದರಿಯಲ್ಲಿ ಇರಿಸುವುದು ಒಳ್ಳೆಯದು. ಪೈಥಾನ್ ಭಾಷೆಯ ರೌಂಡ್ ಆಜ್ಞೆಯು ಸರಿಯಾಗಿ ಅರ್ಧವಿದ್ದಾಗ ಸಮಸಂಖ್ಯೆಯ ಕಡೆಗೆ ಹೋಗುತ್ತದೆ, 2.5ನ್ನು 2 ಎನ್ನುತ್ತದೆ, 3.5ನ್ನು 4 ಎನ್ನುತ್ತದೆ. ತೆರಿಗೆ ಅಧಿನಿಯಮದ 170ನೆಯ ಪ್ರಕರಣದಲ್ಲಾದರೋ ಪಾವತಿಸಬೇಕಾದ ಮೊತ್ತದಲ್ಲಿ 50 ಪೈಸೆ ಅಥವಾ ಹೆಚ್ಚಿದ್ದರೆ ಮೇಲಿನ ರೂಪಾಯಿಗೆ ಏರಿಸಬೇಕೆಂದಿದೆ. ಯಂತ್ರದ ನಿಯಮಕ್ಕೂ ಕಾನೂನಿನ ನಿಯಮಕ್ಕೂ ಭೇದವಿದ್ದಲ್ಲಿ ಕಾನೂನಿನದೇ ಪ್ರಮಾಣ.

ಎಕ್ಸೆಲ್ ಹಾಳೆಯಲ್ಲಿ

ಪ್ರೋಗ್ರಾಮ್ ಭಾಷೆ ಕಲಿಯಲು ಬಿಡುವಿಲ್ಲದವರು ಎಕ್ಸೆಲ್‌ನಲ್ಲಿಯೇ ಇದನ್ನು ಸಾಧಿಸಬಹುದು. ಅಲ್ಲಿ ಒಂದು ದಿನವೆಂದರೆ 1. ಮಧ್ಯಾಹ್ನ 12 ಗಂಟೆ 0.5, ಒಂದು ನಿಮಿಷ ದಿನದ 1440ನೆಯ ಒಂದು ಭಾಗ. ಈ ಕಾರಣದಿಂದಲೇ 3:30 ಎಂಬ ಕಾಲವನ್ನು ನೇರವಾಗಿ 1,200ರಿಂದ ಗುಣಿಸಿದರೆ 175 ಎಂಬ ವಿಚಿತ್ರ ಉತ್ತರ ಬರುತ್ತದೆ. ಅದನ್ನು 24ರಿಂದ ಗುಣಿಸಿದಾಗ 4,200 ದೊರೆಯುತ್ತದೆ.

ಬಿ2ರಲ್ಲಿ ಆರಂಭ, ಸಿ2ರಲ್ಲಿ ಮುಕ್ತಾಯ, ಡಿ2ರಲ್ಲಿ ವಿರಾಮದ ನಿಮಿಷ, ಇ2ರಲ್ಲಿ ಗಂಟೆಯ ದರ, ಎಫ್2ರಲ್ಲಿ ತೆರಿಗೆ ದರ ಇರಲಿ. ಸೂತ್ರಗಳು ಇಂತಿವೆ; ಕೀಲಿಮಣೆಯಲ್ಲಿ ಕೋಶ ಮತ್ತು ಆಜ್ಞೆಗಳ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಬೇಕು.

ಜಿ2, ಕೆಲಸದ ನಿಮಿಷ: =ರೌಂಡ್(ಮಾಡ್(ಸಿ2-ಬಿ2,1)*1440,0)-ಡಿ2
ಎಚ್2, ಬಾಡಿಗೆ: =ರೌಂಡ್(ಜಿ2*ಇ2/60,2)
ಐ2, ಕೇಂದ್ರ ತೆರಿಗೆ: =ರೌಂಡ್(ಎಚ್2*ಎಫ್2/200,2)
ಜೆ2, ರಾಜ್ಯ ತೆರಿಗೆ: =ಐ2
ಕೆ2, ಒಟ್ಟು: =ಎಚ್2+ಐ2+ಜೆ2

ಮಾಡ್ ಎಂಬ ಆಜ್ಞೆಯು ಮಧ್ಯರಾತ್ರಿ ದಾಟಿದ ಕೆಲಸವನ್ನು ತಾನೇ ಸರಿಪಡಿಸುತ್ತದೆ. ಎಫ್2ರಲ್ಲಿ 18 ಎಂದು ಬರೆಯಬೇಕು, ಶೇಕಡಾ ಚಿಹ್ನೆ ಹಾಕಬಾರದು. ವಿನಾಯಿತಿ ಇದ್ದಲ್ಲಿ 0. ಕಾಲವನ್ನು ಚುಕ್ಕೆಯಿಂದಲ್ಲದೆ ಎರಡು ಚುಕ್ಕೆಗಳ ಚಿಹ್ನೆಯಿಂದ, 9:20 ಎಂದೇ ನಮೂದಿಸಬೇಕು.

ಪರೀಕ್ಷೆಯಿಲ್ಲದೆ ಬಳಕೆಯಿಲ್ಲ

ಪ್ರೋಗ್ರಾಮ್ ಸಿದ್ಧವಾದೊಡನೆ ಬಿಲ್ಲು ಮುದ್ರಿಸಲು ತೊಡಗಬಾರದು. ಉತ್ತರ ಗೊತ್ತಿರುವ ಕೆಲವು ಲೆಕ್ಕಗಳನ್ನು ಮೊದಲು ಕಾಗದದ ಮೇಲೆ ಮಾಡಿ ತಾಳೆ ನೋಡಬೇಕು. 9:20ರಿಂದ 12:50ಕ್ಕೆ 210 ನಿಮಿಷ ಬರಬೇಕು; 22:40ರಿಂದ 2:10ಕ್ಕೂ 210 ನಿಮಿಷವೇ ಬರಬೇಕು; ಕೃಷಿ ಕೆಲಸಕ್ಕೆ ತೆರಿಗೆ ಸೊನ್ನೆ ಬರಬೇಕು. ಆರಂಭ ಮತ್ತು ಮುಕ್ತಾಯ ಎರಡೂ 10:00 ಎಂದು ಕೊಟ್ಟರೆ ಅದು ಸೊನ್ನೆ ನಿಮಿಷವೋ ಪೂರ್ತಿ ಒಂದು ದಿನವೋ ಎಂಬುದನ್ನು ಯಂತ್ರ ಊಹಿಸಲಾರದು. ಅಲ್ಲಿ ನಿಂತು ಬಳಕೆದಾರರನ್ನು ಕೇಳುವಂತೆ ಮಾಡಬೇಕು. ವಿರಾಮವು ಕೆಲಸದ ಅವಧಿಗಿಂತ ಹೆಚ್ಚಾಗಿದ್ದರೆ ಬಿಲ್ಲನ್ನು ತಡೆಯಬೇಕು.

ಬಿಲ್ಲಿನ ಮೇಲೆ ಆರಂಭ, ಮುಕ್ತಾಯ, ವಿರಾಮ, ಕೆಲಸದ ನಿಮಿಷ, ದರ ಇವೆಲ್ಲವೂ ಕಾಣಿಸತಕ್ಕದ್ದು. ಹಾಗಿದ್ದಲ್ಲಿ ಗ್ರಾಹಕರು ತಾವೇ ಲೆಕ್ಕ ಮಾಡಿ ನೋಡಬಹುದು. ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಅಂತಿಮ ದಿನದಿಂದ 72 ತಿಂಗಳು ಕಾಯ್ದಿಡಬೇಕೆಂಬುದು ಕಾನೂನಿನ ವಿಧಿಯಾದ್ದರಿಂದ, ಚಾಲಕನ ಮೂಲ ಚೀಟಿಯನ್ನೂ ಬಿಲ್ಲಿನೊಡನೆ ಇಡುವುದು ವಿವೇಕ.

ಕೈಬರಹದ ಪುಸ್ತಕದಲ್ಲಿ ಒಬ್ಬ ಗುಮಾಸ್ತನ ತಪ್ಪು ಒಂದು ಬಿಲ್ಲಿಗೆ ಸೀಮಿತ. ಪ್ರೋಗ್ರಾಮಿನಲ್ಲಿ ಕುಳಿತ ತಪ್ಪು ವರ್ಷವಿಡೀ ಪ್ರತಿ ಬಿಲ್ಲಿನಲ್ಲೂ ಮರುಕಳಿಸುತ್ತದೆ. ಅಂತೆಯೇ ಒಮ್ಮೆ ಸರಿಯಾಗಿ ಬರೆದ ಸೂತ್ರವು ವರ್ಷವಿಡೀ ಕಾಯುತ್ತದೆ. ವರ್ತಕ ಬಾಂಧವರು ಈ ತಿಂಗಳ ಬಿಲ್ಲುಗಳಲ್ಲಿ ಹತ್ತನ್ನಾದರೂ ತೆಗೆದು, ಚೀಟಿಯಲ್ಲಿರುವ ಗಂಟೆಗಳನ್ನು ನಿಮಿಷಕ್ಕೆ ತಂದು ಒಮ್ಮೆ ಪರಿಶೀಲಿಸಿದರೆ, ಸೋರಿಕೆ ಇದೆಯೋ ಇಲ್ಲವೋ ಎಂಬುದು ಅರ್ಧ ಗಂಟೆಯೊಳಗೆ ತಿಳಿದುಬರುತ್ತದೆ.